ಟ್ಯೂಷನ್ ಹಾಲ್‌ಗೆ ಯಾವ ಪ್ಯಾನೆಲ್? ಬೆಂಕಿ ಸರ್ಟಿಫಿಕೇಟ್ ಓದುವ ಬಗೆ

ಪ್ರಶ್ನೆ: ಮಂಡ್ಯದ ವಿ.ವಿ. ರಸ್ತೆಗೆ ಸೇರುವ ಅಡ್ಡರಸ್ತೆಯಲ್ಲಿ ನಮ್ಮ ಕಟ್ಟಡವಿದೆ. ಕೆಳಗೆ ಅಂಗಡಿ, ಮೊದಲನೇ ಮಹಡಿಯಲ್ಲಿ 30×40 ಅಡಿ ಹಾಲ್. ಅದನ್ನು ಟ್ಯೂಷನ್ ಕ್ಲಾಸಿಗೆ ಸಿದ್ಧ ಮಾಡುತ್ತಿದ್ದೇವೆ, ಒಂದು ಬ್ಯಾಚಿಗೆ 60 ಮಕ್ಕಳು. ಮೆಟ್ಟಿಲು ಒಂದೇ. ಮೈಸೂರಿನ ಇಂಟೀರಿಯರ್‌ನವರು ಗೋಡೆಗೆ ಚಾರ್ಕೋಲ್ ಲೂವರ್ (ಉದ್ದುದ್ದ ಏಣುಗಳಿರುವ ಅಲಂಕಾರದ ಪ್ಯಾನೆಲ್), ಮೆಟ್ಟಿಲಿನ ಗೋಡೆಗೆ ಪಿವಿಸಿ ಮಾರ್ಬಲ್ ಶೀಟ್, ಮೇಲೆ ಪಿವಿಸಿ ಸೀಲಿಂಗ್, ನಡುವೆ ಎಸಿಪಿ (ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ತಿರುಳಿರುವ ಶೀಟ್) ಪಾರ್ಟಿಶನ್, ವಿಡಿಯೋ ಪಾಠದ ಕೋಣೆಗೆ ಫೋಮ್ ಎಂದು ಕೊಟೇಷನ್ ಕೊಟ್ಟಿದ್ದಾರೆ. "ಎಲ್ಲಾ ಫೈರ್‌ಪ್ರೂಫ್ ಸಾರ್" ಅಂತ ಮೂರು ಸರ್ಟಿಫಿಕೇಟ್ ಕಳಿಸಿದ್ದಾರೆ: ಒಂದರಲ್ಲಿ ಯುಎಲ್ 94 ವಿ-0, ಇನ್ನೊಂದರಲ್ಲಿ ಬಿ1, ಮತ್ತೊಂದರಲ್ಲಿ ಇ1. ಎಸಿಪಿ ಆರು ಶೀಟ್ ಆಗಲೇ ತಂದಿಳಿಸಿದ್ದಾರೆ. ಯಾವುದನ್ನು ನಂಬೋದು? ಮನೆಯ ದೇವರಕೋಣೆಗೂ ಇವರಿಂದಲೇ ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿದ ಹಲಗೆ) ಜಾಲಿ ಹಾಕಿಸುವ ಯೋಚನೆಯಿದೆ.

ಉತ್ತರ: ಮೂರು ಕಾಗದಗಳಲ್ಲಿ ಒಂದಕ್ಕಂತೂ ಬೆಂಕಿಯ ಗಂಧಗಾಳಿಯೇ ಇಲ್ಲ. ಇ1 ಅನ್ನುವುದು ಎಂಡಿಎಫ್, ಪಾರ್ಟಿಕಲ್ ಬೋರ್ಡ್, ಪ್ಲೈವುಡ್‌ಗಳ ಅಂಟಿನಿಂದ ಕೋಣೆಯ ಗಾಳಿಗೆ ಎಷ್ಟು ಫಾರ್ಮಾಲ್ಡಿಹೈಡ್ ಬಿಡುಗಡೆಯಾಗುತ್ತದೆ ಎಂಬ ಲೆಕ್ಕ. ಇ0, ಇ1, ಇ2 ಮೂರೂ ಅದೇ ಜಾತಿ. ಕಣ್ಣುರಿ, ವಾಸನೆಯ ದೃಷ್ಟಿಯಿಂದ ಅದು ಬೇಕಾದದ್ದೇ. ಆದರೆ ಇ1 ಮುದ್ರೆಯ ಎಂಡಿಎಫ್ ಕೂಡ ಮುದ್ರೆಯಿಲ್ಲದ ಎಂಡಿಎಫ್‌ನಷ್ಟೇ ಚೆನ್ನಾಗಿ ಉರಿಯುತ್ತದೆ. ಯುರೋಪಿನ ಬೆಂಕಿ ವರ್ಗೀಕರಣದಲ್ಲೂ 'ಇ' ಎಂಬ ಅಕ್ಷರವಿದೆ, ಅಲ್ಲಿ ಅದು ಕೊನೆಯಿಂದ ಎರಡನೆಯದು. ಹಾಗಾಗಿ ಇ ಕಂಡಾಗ ಖುಷಿಪಡುವಂಥದ್ದು ಯಾವ ಲೆಕ್ಕದಲ್ಲೂ ಇಲ್ಲ.

ಯುಎಲ್ 94 ವಿ-0 ಸುಳ್ಳಲ್ಲ, ಜಾಗ ತಪ್ಪಿದ ಕಾಗದ. ಸ್ವಿಚ್ಚು, ಪ್ಲಗ್ಗು, ಟೀವಿಯ ಹಿಂಬದಿಯಂಥ ಬಿಡಿಭಾಗಗಳ ಪ್ಲಾಸ್ಟಿಕ್ಕಿಗೆಂದು ಹುಟ್ಟಿದ ಪರೀಕ್ಷೆ ಅದು. 125 ಮಿ.ಮೀ. ಉದ್ದ, 13 ಮಿ.ಮೀ. ಅಗಲದ ಪಟ್ಟಿಯನ್ನು ನೆಟ್ಟಗೆ ನೇತುಹಾಕಿ, ಬುಡಕ್ಕೆ 20 ಮಿ.ಮೀ. ಎತ್ತರದ ಪುಟ್ಟ ಉರಿಯನ್ನು 10 ಸೆಕೆಂಡಿನಂತೆ ಎರಡು ಸಲ ಹಿಡಿಯುತ್ತಾರೆ. ಎರಡು ಸಲವೂ 10 ಸೆಕೆಂಡಿನೊಳಗೆ ಆರಿ, ಉರಿಯುವ ಹನಿ ಬಿದ್ದು ಕೆಳಗಿಟ್ಟ ಹತ್ತಿ ಹೊತ್ತಿಕೊಳ್ಳದಿದ್ದರೆ ವಿ-0. ಆ ಉರಿಯ ಶಕ್ತಿ 50 ವ್ಯಾಟ್. ಗೋಡೆಯ ಹೊದಿಕೆಗೆ ಯುರೋಪಿನವರು ಮಾಡುವ ಎಸ್‌ಬಿಐ (ಸಿಂಗಲ್ ಬರ್ನಿಂಗ್ ಐಟಂ, ಅಂದರೆ ಉರಿಯುವ ಒಂದೇ ವಸ್ತು) ಪರೀಕ್ಷೆಯಲ್ಲಿ ಮೂಲೆಗೆ ಇಡುವ ಬರ್ನರ್ 30 ಕಿಲೋವ್ಯಾಟ್, ಅಂದರೆ ಇದರ 600 ಪಟ್ಟು. ಕಸದಬುಟ್ಟಿಯೊಂದು ಹೊತ್ತಿ ಉರಿದಷ್ಟು. ಅಲ್ಲಿ ಒಂದೂವರೆ ಮೀಟರ್ ಎತ್ತರದ ಎರಡು ಹಲಗೆಗಳನ್ನು ಮೂಲೆಯ ಹಾಗೆ ನಿಲ್ಲಿಸಿ, ಎಷ್ಟು ಬೇಗ ಎಷ್ಟು ಶಾಖ ಬಂತು, ಹೊಗೆ ಎಷ್ಟು, ಉರಿಯುವ ಹನಿ ಬಿತ್ತೇ ಎಂದು ಅಳೆಯುತ್ತಾರೆ. ಕಡ್ಡಿಯ ಉರಿಗೆ ಆರಿಹೋಗುವ ಪಟ್ಟಿ ಕಸದಬುಟ್ಟಿಯ ಉರಿಗೆ ಆರುತ್ತದೆ ಎನ್ನಲು ಆಧಾರವೇನೂ ಇಲ್ಲ.

ಬಿ1 ಇರುವ ಕಾಗದವನ್ನು ಸ್ವಲ್ಪ ಎಚ್ಚರದಿಂದ ನೋಡಿ. ಚೀನಾದಿಂದ ಬರುವ ಪ್ಯಾನೆಲ್‌ಗಳ ಮೇಲೆ ಇರುವುದು ಸಾಮಾನ್ಯವಾಗಿ ಅಲ್ಲಿನ ಜಿಬಿ 8624 ಎಂಬ ಮಾನದಂಡದ ಬಿ1. ಯುರೋಪಿನ ಬಿ ಮತ್ತು ಸಿ ಎರಡೂ ಆ ಬಿ1 ಒಳಗೆ ಸೇರುತ್ತವೆ. ಜರ್ಮನಿಯ ಹಳೆಯ ಡಿಐಎನ್ 4102ರಲ್ಲೂ ಬಿ1 ಇದೆ, 'ಸುಲಭಕ್ಕೆ ಹೊತ್ತದ ವಸ್ತು' ಅಂತ. ಅಂಗಡಿಯವರು ಬಿ1 ತೋರಿಸಿ "ಕ್ಲಾಸ್ ಬಿ ಸಾರ್" ಅಂದರೆ, ಅದು ಸಿ ಆಗಿರುವ ಸಾಧ್ಯತೆಯೂ ಅಷ್ಟೇ ಇದೆ. ಮಾನದಂಡದ ಹೆಸರಿಲ್ಲದೆ ಬರೀ ಬಿ1 ಎಂದು ಮುದ್ರಿಸಿದ್ದರೆ ಅದಕ್ಕೆ ಬೆಲೆಯಿಲ್ಲ.

ಈ ಅಕ್ಷರಗಳ ಅರ್ಥ ಮನಸ್ಸಿಗೆ ಹತ್ತಬೇಕಾದರೆ ಅವನ್ನು ನಿಮಿಷಗಳಿಗೆ ತಿರುಗಿಸಿ ನೋಡಬೇಕು. ಯುರೋಪಿನ ಎ1, ಎ2, ಬಿ, ಸಿ, ಡಿ, ಇ, ಎಫ್ ಸಾಲಿನ ಹಿಂದೆ ಒಂದು ಕೋಣೆಯ ಪ್ರಯೋಗವಿದೆ: 2.4 ಮೀಟರ್ ಅಗಲ, 3.6 ಮೀಟರ್ ಉದ್ದದ ಕೋಣೆಯ ಗೋಡೆಗೂ ಸೀಲಿಂಗಿಗೂ ಆ ವಸ್ತುವನ್ನೇ ಹೊದಿಸಿ, ಮೂಲೆಯಲ್ಲಿ 10 ನಿಮಿಷ 100 ಕಿಲೋವ್ಯಾಟ್, ಮುಂದಿನ 10 ನಿಮಿಷ 300 ಕಿಲೋವ್ಯಾಟ್ ಉರಿ ಕೊಡುತ್ತಾರೆ. ಇಡೀ ಕೋಣೆ ಒಂದೇ ಸಲಕ್ಕೆ ಭಗ್ಗನೆ ಹೊತ್ತಿಕೊಳ್ಳುವ ಕ್ಷಣವನ್ನು ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಬಿ ಮತ್ತು ಅದಕ್ಕಿಂತ ಮೇಲಿನವು 20 ನಿಮಿಷವೂ ಆ ಹಂತಕ್ಕೆ ಹೋಗುವುದಿಲ್ಲ ಎಂಬುದು ಲೆಕ್ಕ. ಸಿ ಆದರೆ 10 ನಿಮಿಷ ಕಳೆದ ಮೇಲೆ. ಡಿ ಆದರೆ 2ರಿಂದ 10 ನಿಮಿಷದೊಳಗೆ. ಇ ಆದರೆ 2 ನಿಮಿಷದೊಳಗೇ. ಯಾವ ಸಂಸ್ಕರಣೆಯೂ ಇಲ್ಲದ ಎಂಡಿಎಫ್, ಪ್ಲೈವುಡ್ ಗಟ್ಟಿ ಗೋಡೆಗೆ ಅಂಟಿಕೊಂಡು ಕೂತರೂ ಡಿ. 60 ಮಕ್ಕಳು ಒಂದೇ ಬಾಗಿಲಿನಿಂದ ಒಂದೇ ಮೆಟ್ಟಿಲಿಗೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಒಮ್ಮೆ ಗಡಿಯಾರ ಹಿಡಿದು ನೋಡಿ, ಬ್ಯಾಗು ಹುಡುಕುವ ಹೊತ್ತನ್ನೂ ಸೇರಿಸಿ.

ಅಕ್ಷರದ ಪಕ್ಕದಲ್ಲಿ ಇನ್ನೆರಡು ಗುರುತು ಬರುತ್ತವೆ. ಎಸ್1, ಎಸ್2, ಎಸ್3 ಹೊಗೆಗೆ. ಡಿ0, ಡಿ1, ಡಿ2 ಉರಿಯುವ ಹನಿಗೆ. ಡಿ0 ಅಂದರೆ ಎಸ್‌ಬಿಐ ಪರೀಕ್ಷೆಯ ಮೊದಲ 10 ನಿಮಿಷದಲ್ಲಿ ಒಂದೂ ಉರಿಯುವ ಹನಿ ಬಿದ್ದಿಲ್ಲ. ಡಿ1 ಅಂದರೆ ಬಿದ್ದ ಹನಿ 10 ಸೆಕೆಂಡಿಗಿಂತ ಹೆಚ್ಚು ಉರಿದಿಲ್ಲ. ಪೂರ್ಣ ವರ್ಗೀಕರಣ 'ಬಿ-ಎಸ್1, ಡಿ0' ಎಂಬ ರೂಪದಲ್ಲಿರುತ್ತದೆ. ಮುಂದಿನ ಅಕ್ಷರವನ್ನು ದಪ್ಪಗೆ ಅಚ್ಚು ಹಾಕಿ ಹೊಗೆಯ ಗುರುತನ್ನು ಮರೆಮಾಚಿದ ಬ್ರೋಷರ್ ಕೈಗೆ ಬಂದರೆ, ಮರೆಮಾಚಿದ್ದೇ ಉತ್ತರ ಅಂದುಕೊಳ್ಳಿ.

ನಮ್ಮ ದೇಶದ ಲೆಕ್ಕ ಬೇರೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ 4ನೇ ಭಾಗ ಒಳಮೈ ಹೊದಿಕೆಗಳನ್ನು ಜ್ವಾಲೆ ಹರಡುವ ವೇಗದ ಮೇಲೆ ಕ್ಲಾಸ್ 1ರಿಂದ 4ರವರೆಗೆ ವಿಂಗಡಿಸುತ್ತದೆ; ಜ್ವಾಲೆ ಹರಡುವಿಕೆಯ ವರ್ಗೀಕರಣಕ್ಕೆ ಐಎಸ್ 12777 ಇದೆ. ಕ್ಲಾಸ್ 1 ಎಲ್ಲಿ ಬೇಕಾದರೂ ಹಾಕಬಹುದು. ಅದಕ್ಕಿಂತ ಕೆಳಗಿನವಕ್ಕೆ ಮೆಟ್ಟಿಲು, ಓಡಾಡುವ ಪಡಸಾಲೆಗಳಲ್ಲಿ ಜಾಗವಿಲ್ಲ. ನಿಮ್ಮ ಇಡೀ ಕೊಟೇಷನ್ನಿನಲ್ಲಿ ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸಿದ ಸಾಲು ಹಾಲ್‌ನ ಲೂವರ್ ಅಲ್ಲ, ಮೆಟ್ಟಿಲಿನ ಗೋಡೆಗೆ ಪಿವಿಸಿ ಶೀಟ್ ಅನ್ನುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಬ್ರಿಟಿಷ್ ಬಿಎಸ್ 476 ಭಾಗ 7ರ 'ಕ್ಲಾಸ್ 1', ಅಮೆರಿಕದ ಎಎಸ್‌ಟಿಎಂ ಇ84ರ 'ಕ್ಲಾಸ್ ಎ' ಕೂಡ ಇಲ್ಲಿನ ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಮೊದಲನೆಯದು ಜ್ವಾಲೆ ಮೇಲ್ಮೈಯಲ್ಲಿ ಎಷ್ಟು ದೂರ ಓಡಿತು ಎಂದಷ್ಟೇ ಅಳೆಯುತ್ತದೆ, ಹೊಗೆಯ ಲೆಕ್ಕ ಅದರಲ್ಲಿಲ್ಲ. ಎರಡನೆಯದರಲ್ಲಿ 24 ಅಡಿ ಉದ್ದದ ಮಾದರಿಯನ್ನು ಸುರಂಗದ ಸೂರಿಗೆ ಜೋಡಿಸಿ 10 ನಿಮಿಷ ಸುಡುತ್ತಾರೆ. ಹರಡುವಿಕೆಯ ಸೂಚ್ಯಂಕ 25ರೊಳಗಿದ್ದರೆ ಎ, 26ರಿಂದ 75 ಬಿ, 76ರಿಂದ 200 ಸಿ. ಹೊಗೆ 450ರವರೆಗೂ ಪಾಸು, ಅದು ಉದಾರ ಮಿತಿ. ಥರ್ಮೋಕೋಲ್ ಜಾತಿಯ ವಸ್ತು ಈ ಸುರಂಗದಲ್ಲಿ ಉರಿಯಿಂದ ಹಿಂದೆ ಸರಿದು, ಕರಗಿ, ನೆಲಕ್ಕೆ ಬಿದ್ದುಬಿಡುತ್ತದೆ. ಸೂರಿನಲ್ಲಿ ಉರಿಯಲು ಏನೂ ಉಳಿಯದ ಕಾರಣ ಅಂಕ ಚೆನ್ನಾಗಿ ಬರುತ್ತದೆ. ಗೋಡೆಗೆ ಅಂಟಿಸಿದಾಗ ಆ ಕರಗಿದ್ದು ಎಲ್ಲಿಗೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ಇಷ್ಟು ಓದಿದ ಮೇಲೂ ಒಂದು ಮಾತು ಬಾಕಿ. ಕ್ಲಾಸ್ ಸಿಗುವುದು ಗೋಡೆಯ ಮೇಲೆ ಕೂತ ಇಡೀ ಜೋಡಣೆಗೆ: ಮೇಲಿನ ಹಾಳೆ, ಅದರ ದಪ್ಪ, ಅಂಟು, ಹಿಂದಿನ ಹಲಗೆ, ಹಲಗೆಯ ಹಿಂದಿನ ಸಂದು ಎಲ್ಲ ಸೇರಿ. 1 ಮಿ.ಮೀ. ಲ್ಯಾಮಿನೇಟ್ ಹಾಳೆಯನ್ನೇ ತೆಗೆದುಕೊಳ್ಳಿ. ಜಿಪ್ಸಂ ಬೋರ್ಡಿನ ಮೇಲೆ ಅಂಟಿಸಿದರೆ ಹಿಂದಿನ ಬೋರ್ಡು ಶಾಖ ಹೀರುತ್ತದೆ, ಹಾಳೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ಅದೇ ಹಾಳೆಯನ್ನು 6 ಮಿ.ಮೀ. ಪ್ಲೈ ಮೇಲೆ ಅಂಟಿಸಿ, ಪ್ಲೈಯನ್ನು ಮರದ ರೀಪರ್ ಪಟ್ಟಿಗೆ ಹೊಡೆದು ಹಿಂದೆ ಒಂದಿಂಚು ಸಂದು ಬಿಟ್ಟರೆ, ಪ್ಲೈ ತೂತಾದ ಗಳಿಗೆಯಿಂದ ಉರಿ ಎರಡೂ ಕಡೆ ಏರುತ್ತದೆ. ಆ ಸಂದು ಒಲೆಯ ಕೊಳವೆಯ ಹಾಗೆ ಎಳೆಯುತ್ತದೆ. ಕಟ್ಟಡ ಸಂಹಿತೆಯೂ ಇದನ್ನೇ ಎಚ್ಚರಿಸುತ್ತದೆ: ಉರಿಯುವ ವಸ್ತು ಹೊದಿಸಿದರೆ ಎರಡು ಮೈಯೂ ಹೇಳಿದ ಕ್ಲಾಸಿಗೆ ಹೊಂದಬೇಕು, ಏಕೆಂದರೆ ಸಂದಿನೊಳಗೆ ಹೊತ್ತಿದ್ದು ಕೋಣೆಯಲ್ಲಿರುವವರಿಗೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಪರೀಕ್ಷಾ ವರದಿಯಲ್ಲಿ ಮೊದಲು ಹುಡುಕಬೇಕಾದ್ದು ಫಲಿತಾಂಶವನ್ನಲ್ಲ, ಮಾದರಿಯನ್ನು ಯಾವುದರ ಮೇಲೆ ಹೇಗೆ ಕೂರಿಸಿದ್ದರು ಎಂಬ ಸಾಲನ್ನು. ಅಲ್ಲಿ 'ಸಿಮೆಂಟ್ ಬೋರ್ಡಿಗೆ ಅಂಟಿಸಿದೆ, ಸಂದಿಲ್ಲ' ಎಂದಿದ್ದು, ನಿಮ್ಮಲ್ಲಿ ಮರದ ಪಟ್ಟಿಗೆ ಹೊಡೆಯುವುದಾದರೆ ಆ ವರದಿ ನಿಮ್ಮ ಗೋಡೆಗೆ ಅನ್ವಯಿಸುವುದಿಲ್ಲ.

ಈಗ ನಿಮ್ಮ ಪಟ್ಟಿಯ ಸಾಮಾನುಗಳಿಗೆ ಬರೋಣ.

ಚಾರ್ಕೋಲ್ ಲೂವರ್ ಎಂದು ಮಾರುವುದರಲ್ಲಿ ಬಹುಪಾಲು ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲಿನ ಗಟ್ಟಿ ತಮ್ಮ. ಹೆಸರಿನಲ್ಲಿ ಇದ್ದಿಲಿದೆ ಎಂದು ಬೆಂಕಿಗೆ ಹೆದರದು ಅಂದುಕೊಳ್ಳಬೇಡಿ. ಪಾಲಿಸ್ಟೈರೀನ್ ಕಿಲೋಗೆ ಸುಮಾರು 40 ಮೆಗಾಜೂಲ್ ಶಾಖ ಕೊಡುತ್ತದೆ, ಒಣ ಸೌದೆಯ ಎರಡು ಪಟ್ಟಿಗೂ ಹೆಚ್ಚು. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗಿ, ಕರಗಿ, ಉರಿಯುವ ಹನಿಯಾಗಿ ಬೀಳುತ್ತದೆ. ಹೊಗೆ ಕಾಡಿಗೆಯಂತೆ ಕಪ್ಪು. ಲೂವರಿನ ಆಕಾರ ಇನ್ನೊಂದು ತೊಂದರೆ. ನೆಟ್ಟಗಿನ ಏಣುಗಳು ತೆಳ್ಳಗೆ, ಮೂರು ಕಡೆಯಿಂದಲೂ ಶಾಖ ತಗಲುತ್ತದೆ. ನಡುವಿನ ಸಂದುಗಳು ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಚಿಮಣಿಗಳು. ಸೌದೆ ಸೀಳಿ ನಿಲ್ಲಿಸಿದರೆ ಬೇಗ ಹೊತ್ತುತ್ತದಲ್ಲ, ಅದೇ ತರ. ಡಬ್ಲ್ಯುಪಿಸಿ ಲೂವರ್ ಎಂಬುದು ಇಲ್ಲಿ ಹೆಚ್ಚಾಗಿ ಪಿವಿಸಿಗೆ ಮರದಪುಡಿ ಬೆರೆಸಿದ್ದು. ಅದು ಇದಕ್ಕಿಂತ ನಿಧಾನ, ಆದರೆ ಹೊಗೆಯ ವಿಷಯ ಬೇರೆ.

ಪಿವಿಸಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಂಗಡಿಯಲ್ಲಿ ಲೈಟರ್ ಹಿಡಿದು ತೋರಿಸುವುದು ಇದಕ್ಕೇ. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ ಸುಮಾರು 57 ಭಾಗ ಕ್ಲೋರಿನ್. ಉರಿ ತಗಲಿದಾಗ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬಂದು ಜ್ವಾಲೆಯನ್ನೇ ಅಡಗಿಸುತ್ತದೆ. ಲೈಟರ್ ತೆಗೆದ ಕೂಡಲೇ ಆರುವುದು ಅದಕ್ಕೇ, ಮೋಸವೇನಿಲ್ಲ. ಮಾರ್ಬಲ್ ಶೀಟಿನಲ್ಲಿ ಸುಣ್ಣದಕಲ್ಲಿನ ಪುಡಿಯೂ ಧಾರಾಳವಾಗಿ ಬೆರೆತಿರುವುದರಿಂದ ಶಾಖವೂ ಕಡಿಮೆ. ಆದರೆ ಪಕ್ಕದಲ್ಲಿ ಕುರ್ಚಿಯೋ ಪುಸ್ತಕದ ರಾಶಿಯೋ ಉರಿಯುತ್ತಿದ್ದರೆ ಪಿವಿಸಿಗೆ ಆರುವ ಅವಕಾಶವಿಲ್ಲ, ಹೊಗೆ ಬರುತ್ತಲೇ ಇರುತ್ತದೆ. ಆ ಅನಿಲ ಕಣ್ಣು, ಗಂಟಲಿನ ಪಸೆಗೆ ಸೇರಿದರೆ ಆಗುವುದು ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣು ಬಿಡಲಾಗದ ಮಗು ಮೆಟ್ಟಿಲು ಹುಡುಕುವುದು ಹೇಗೆ? ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೆಟ್ಟಿಲುಗಳಿಗೆ ತುಂಬಿ 9 ಜನ ಸತ್ತರು. ಸೂರತ್‌ನ ಕೋಚಿಂಗ್ ಕ್ಲಾಸಿನಲ್ಲಿ 2019ರ ಮೇ 24ರಂದು 22 ವಿದ್ಯಾರ್ಥಿಗಳು ಸತ್ತಾಗ, ಮೇಲಿನ ಮಹಡಿಯಿಂದ ಇಳಿಯಲು ದಾರಿಯಿಲ್ಲದೆ ಮಕ್ಕಳು ಕಿಟಕಿಯಿಂದ ಹಾರಿದ್ದರು. ಆದ್ದರಿಂದ ಮೆಟ್ಟಿಲಿನ ಗೋಡೆಗೆ ಪಿವಿಸಿ ಶೀಟ್ ಬೇಡವೇ ಬೇಡ. ಸಿಮೆಂಟ್ ಗಾರೆ, ಮೇಲೆ ಪುಟ್ಟಿ, ಎಮಲ್ಷನ್ ಬಣ್ಣ. ಮಕ್ಕಳ ಕೈಕೊಳೆ ತಡೆಯಬೇಕಾದರೆ ನಾಲ್ಕಡಿ ಎತ್ತರಕ್ಕೆ ಸೆರಾಮಿಕ್ ಟೈಲ್ಸ್. ಮೆಟ್ಟಿಲ ಕೆಳಗೆ ಕೂಡಿಹಾಕುವ ರಟ್ಟಿನ ಪೆಟ್ಟಿಗೆ, ಹಳೆ ಫ್ಲೆಕ್ಸು, ಇನ್ವರ್ಟರ್ ಬ್ಯಾಟರಿಗಳಿಗೂ ಇದೇ ಮಾತು.

ಪಿವಿಸಿ ಸೀಲಿಂಗ್ 80 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗಿ ಜೋತುಬೀಳುತ್ತದೆ. ಬೆಂಕಿ ಇನ್ನೂ ಮೂಲೆಯಲ್ಲಿರುವಾಗಲೇ ಬಿಸಿ ಹೊಗೆ ಸೂರಿನಡಿ ಸೇರಿ ಹಲಗೆಗಳು ಮಕ್ಕಳ ತಲೆ ಮೇಲೆ ಉದುರಲು ಶುರುವಾಗುತ್ತವೆ, ದೀಪದ ತಂತಿಗಳು ನೇತಾಡುತ್ತವೆ. ಜಿಪ್ಸಂ ಬೋರ್ಡ್ ಅಥವಾ 2×2 ಅಡಿಯ ಮಿನರಲ್ ಫೈಬರ್ ಟೈಲ್ ಹಾಕಿಸಿ. ಪಿವಿಸಿ ಹಾಳೆ ಅಂಟಿಸಿದ ಜಿಪ್ಸಂ ಟೈಲ್ ಅದಕ್ಕಿಂತ ವಾಸಿ, ಆದರೂ ಬಣ್ಣ ಬಳಿದದ್ದೇ ಮೇಲು.

ಎಸಿಪಿ ಲೆಕ್ಕ ನೀವೇ ಮಾಡಿ ನೋಡಬಹುದು. 4 ಮಿ.ಮೀ. ಶೀಟಿನ ಎರಡೂ ಬದಿ 0.25 ಮಿ.ಮೀ. ಅಲ್ಯೂಮಿನಿಯಂ ಇದ್ದರೆ ನಡುವಿನ ತಿರುಳು 3.5 ಮಿ.ಮೀ. ತಿರುಳು ಬರೀ ಪಾಲಿಎಥಿಲೀನ್ ಆದರೆ 8×4 ಅಡಿಯ ಒಂದು ಶೀಟಿನಲ್ಲಿ ಸುಮಾರು ಒಂಬತ್ತೂವರೆ ಕಿಲೋ ಪ್ಲಾಸ್ಟಿಕ್. ಪಾಲಿಎಥಿಲೀನ್ ಕಿಲೋಗೆ ಕೊಡುವ ಶಾಖ ಹತ್ತಿರಹತ್ತಿರ ಅಡುಗೆ ಅನಿಲದಷ್ಟೇ, 46 ಮೆಗಾಜೂಲ್. 14.2 ಕಿಲೋ ಸಿಲಿಂಡರಿಗೆ ಒಂದೂವರೆ ಶೀಟು ಸಮ. ನೀವು ಇಳಿಸಿಕೊಂಡಿರುವ ಆರು ಶೀಟು ಅಂದರೆ ನಾಲ್ಕು ತುಂಬಿದ ಸಿಲಿಂಡರಿನಷ್ಟು ಇಂಧನ ಕ್ಲಾಸಿನ ನಡುವೆ ನಿಂತ ಹಾಗೆ. ಸಿಲಿಂಡರಿನಂತೆ ಸಿಡಿಯುವುದಿಲ್ಲ, ನಿಜ. ಆದರೆ ಪಾಲಿಎಥಿಲೀನ್ 110–130 ಡಿಗ್ರಿಗೇ ಕರಗುತ್ತದೆ, ಅಲ್ಯೂಮಿನಿಯಂ ಹಾಳೆ ಸುಲಿದುಕೊಳ್ಳುತ್ತದೆ, ಕರಗಿದ್ದು ಉರಿಯುತ್ತ ನೆಲಕ್ಕೆ ಹರಿಯುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹಬ್ಬಿದ್ದು ಇಂಥ ತಿರುಳಿನ ಹೊರಹೊದಿಕೆಯ ಮೇಲೆ. ಎಫ್‌ಆರ್ (ಫೈರ್ ರಿಟಾರ್ಡೆಂಟ್) ತಿರುಳಿನಲ್ಲಿ ನೂರಕ್ಕೆ ಸುಮಾರು 70 ಭಾಗ ಖನಿಜದ ಪುಡಿ ಇರುತ್ತದೆ, ಎ2 ತಿರುಳಿನಲ್ಲಿ 90ರಷ್ಟು. ಅಂಚು ನೋಡಿ: ಕರಿ ಅಥವಾ ಬೂದು ಬಣ್ಣದ, ಉಗುರು ಒತ್ತಿದರೆ ಮೇಣದಂತೆ ಕೂರುವ ತಿರುಳು ಪಾಲಿಎಥಿಲೀನ್. ಬ್ಲೇಡಿನಿಂದ ಕೆರೆದರೆ ಪುಡಿ ಉದುರುವುದು ಖನಿಜದ್ದು. ಆರೂ ಶೀಟಿನ ಅಂಚು ನೋಡಬೇಕು. ಮೇಲಿನ ಎರಡು ಎಫ್‌ಆರ್, ಕೆಳಗಿನ ನಾಲ್ಕು ಮಾಮೂಲಿ ಇರುವುದು ಈ ವ್ಯಾಪಾರದಲ್ಲಿ ಹೊಸದಲ್ಲ.

ವಿಡಿಯೋ ಕೋಣೆಯ ಫೋಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಟ್ಟೆ ಟ್ರೇ ಆಕಾರದ ಪಾಲಿಯುರೆಥೇನ್ ಫೋಮ್ ಕಿಡಿ ತಗಲಿದರೆ ಸೆಕೆಂಡುಗಳಲ್ಲಿ ಗೋಡೆಯುದ್ದಕ್ಕೂ ಓಡುತ್ತದೆ, ಹೊಗೆಯಲ್ಲಿ ಸಯನೈಡ್ ಅನಿಲವಿರುತ್ತದೆ. ಬದಲಿಗೆ ಮರದ ನಾರಿಗೆ ಸಿಮೆಂಟ್ ಬೆರೆಸಿದ ವುಡ್‌ವುಲ್ ಬೋರ್ಡ್, ಅಥವಾ 50 ಮಿ.ಮೀ. ಗ್ಲಾಸ್‌ವುಲ್ ಮೇಲೆ ಗಾಜಿನೆಳೆಯ ಬಟ್ಟೆ ಹೊದಿಸಿ ರಂಧ್ರದ ಜಿಪ್ಸಂ ಬೋರ್ಡ್. ಧ್ವನಿಯೂ ಚೆನ್ನಾಗಿ ಹಿಡಿಯುತ್ತದೆ, ಪಾಠ ಮಾಡುವವರ ಗಂಟಲಿಗೂ ಅನುಕೂಲ.

ಪಾರ್ಟಿಶನ್‌ಗೆ ನನ್ನ ಸಲಹೆ ಜಿಪ್ಸಂ ಬೋರ್ಡ್. ಜಿಪ್ಸಂ ಕಲ್ಲಿನ ತೂಕದಲ್ಲಿ ಐದನೇ ಒಂದು ಭಾಗ ಒಳಗೇ ಕಟ್ಟಿಹಾಕಿದ ನೀರು. 6×4 ಅಡಿಯ, 12.5 ಮಿ.ಮೀ. ದಪ್ಪದ ಒಂದು ಬೋರ್ಡಿನಲ್ಲಿ ಮೂರೂವರೆ ಲೀಟರಿನಷ್ಟು ನೀರು ಅಡಗಿದೆ. ಅದೆಲ್ಲ ಆವಿಯಾಗಿ ಮುಗಿಯುವವರೆಗೆ ಬೋರ್ಡಿನ ಹಿಂಬದಿ ಹೆಚ್ಚು ಬಿಸಿಯಾಗದು. ಮುಗಿದ ಮೇಲೆ ಬಿರುಕು ಬಿಟ್ಟು ಉದುರುತ್ತದೆ. ಆ ಬಿರುಕನ್ನು ಗಾಜಿನೆಳೆಯಿಂದ ತಡೆಹಿಡಿಯುವುದೇ ಗುಲಾಬಿ ಬಣ್ಣದ ಫೈರ್ ಬೋರ್ಡ್. 20 ಅಡಿ ಉದ್ದ, 10 ಅಡಿ ಎತ್ತರದ ಗೋಡೆಗೆ ಎರಡೂ ಬದಿ ಸೇರಿ 400 ಚದರಡಿ, ಬೋರ್ಡು 17; ಕತ್ತರಿಸಿ ಹಾಳಾಗುವುದಕ್ಕೆ ಸೇರಿಸಿ 19 ತರಿಸಿ. 50 ಮಿ.ಮೀ. ಜಿಐ ಕಂಬಿ 2 ಅಡಿಗೊಂದರಂತೆ 11, ಬಾಗಿಲ ಅಕ್ಕಪಕ್ಕಕ್ಕೆ ಇನ್ನೆರಡು. 25 ಮಿ.ಮೀ. ಸ್ಕ್ರೂ ಅಂಚಿನಲ್ಲಿ 8 ಇಂಚಿಗೊಂದು, ನಡುವೆ ಅಡಿಗೊಂದು. ಎರಡು ಬದಿಯ ಜಾಯಿಂಟ್ ಒಂದೇ ಕಂಬಿಯ ಮೇಲೆ ಬರಬಾರದು, ಅಡ್ಡ ಜಾಯಿಂಟಿನ ಹಿಂದೆ ಚಾನೆಲ್ ತುಂಡು ಇರಬೇಕು. ಒಳಗೆ ರಾಕ್‌ವುಲ್ (ಕಲ್ಲಿನ ನಾರು) ತುಂಬಿಸಿ. ಕೆಲಸ ಕೆಡುವುದು ಹೆಚ್ಚಾಗಿ ಮೇಲ್ತುದಿಯಲ್ಲಿ: ಫಾಲ್ಸ್ ಸೀಲಿಂಗ್ ಮಟ್ಟಕ್ಕೆ ಗೋಡೆ ನಿಲ್ಲಿಸಿಬಿಡುತ್ತಾರೆ, ಮೇಲಿನ ಟೊಳ್ಳಿನಲ್ಲಿ ಹೊಗೆ ಆರಾಮಾಗಿ ಪಕ್ಕದ ಕೋಣೆಗೆ ದಾಟುತ್ತದೆ. ಗೋಡೆ ಆರ್‌ಸಿಸಿ ಸೂರಿಗೆ ಮುಟ್ಟಬೇಕು, ತಂತಿಯ ಪೈಪು ಹಾಯುವ ತೂತಿನ ಸುತ್ತ ಜಾಯಿಂಟ್ ಕಾಂಪೌಂಡ್ ತುಂಬಬೇಕು.

ಹಾಲ್‌ನ ಗೋಡೆಗೆ ಮರದ ನೋಟ ಬೇಕೇ ಬೇಕು ಅಂದರೆ, ಪಾಠ ಮಾಡುವ ಬೋರ್ಡಿನ ಹಿಂದಿನ ಒಂದು ಗೋಡೆಗೆ ಸೀಮಿತವಾಗಿರಲಿ, ಬಾಗಿಲಿನ ಕಡೆ ಬೇಡ. ಐಎಸ್ 5509ರ ಫೈರ್ ರಿಟಾರ್ಡೆಂಟ್ ಪ್ಲೈವುಡ್ ತರಿಸಿ. ಆ ಮಾನದಂಡ ಪ್ರತಿ 6 ಮಿ.ಮೀ. ದಪ್ಪಕ್ಕೆ ಉರಿ ತೂತು ಕೊರೆಯಲು 15 ನಿಮಿಷಕ್ಕೆ ಕಡಿಮೆ ಇರಬಾರದು ಎನ್ನುತ್ತದೆ. ಐಎಸ್ 303, ಐಎಸ್ 710 ಮುದ್ರೆಗಳು ನೀರಿಗೆ ಸಂಬಂಧಿಸಿದವು, ಬೆಂಕಿಗಲ್ಲ. ಎಫ್‌ಆರ್ ಪ್ಲೈಗೆ ಹೀರಿಸುವುದು ಉಪ್ಪಿನ ಜಾತಿಯ ರಾಸಾಯನಿಕ. ಸೋರುವ ಗೋಡೆಗೆ ಹಾಕಿದರೆ ಅದು ತೊಳೆದುಹೋಗುತ್ತದೆ, ಸ್ಕ್ರೂಗಳೂ ತುಕ್ಕು ಹಿಡಿಯುತ್ತವೆ. ಪಟ್ಟಿಗಳ ಹಿಂದಿನ ಸಂದನ್ನು 8 ಅಡಿಗೊಮ್ಮೆಯಾದರೂ, ಸೂರಿನ ಬುಡದಲ್ಲಿ ತಪ್ಪದೆ, ಜಿಪ್ಸಂ ಪಟ್ಟಿ ಅಥವಾ ರಾಕ್‌ವುಲ್ ತುರುಕಿ ಮುಚ್ಚಿಸಿ. ಬೆಂಕಿನಿರೋಧಕ ಬಣ್ಣ ಬಳಿದರೂ ಡಬ್ಬದ ಮೇಲೆ ಹೇಳಿದ ಚದರಡಿ ಮೀರಿ ಎಳೆಯಬಾರದು. ಅದರ ಮೇಲೆ ಹೊಳಪಿಗೆಂದು ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆದರೆ ಮುಗಿಯಿತು, ಮೇಲೆ ಉರಿಯುವ ಪದರ ಕೂತ ಹಾಗೆ.

ಅಂಟಿನ ವಿಚಾರವನ್ನು ಕಾರ್ಪೆಂಟರ್‌ಗೆ ಬಿಟ್ಟುಬಿಡುತ್ತಾರೆ. ಲ್ಯಾಮಿನೇಟ್, ಶೀಟುಗಳಿಗೆ ಬಳಿಯುವ ರಬ್ಬರ್ ಸೊಲ್ಯೂಷನ್ನಿನ ಆವಿ ಗಾಳಿಗಿಂತ ಭಾರ, ನೆಲದುದ್ದಕ್ಕೂ ಹರಡುತ್ತದೆ, ಮೂಲೆಯಲ್ಲಿ ಯಾರೋ ಬೀಡಿ ಹಚ್ಚಿದರೆ ಸಾಕು. ಅದನ್ನು ಬಳಿಯುವ ದಿನ ಕಿಟಕಿಗಳೆಲ್ಲ ತೆರೆದಿರಲಿ, ಕಟಿಂಗ್ ಮಷೀನು, ವೆಲ್ಡಿಂಗು ಬೇರೆ ದಿನ ಇಟ್ಟುಕೊಳ್ಳಲಿ.

ಎಲೆಕ್ಟ್ರಿಷಿಯನ್ ಬಂದಾಗ ಸ್ವಿಚ್ ಬಾಕ್ಸ್ ನೋಡಿಸಿ. ಗೋಡೆಯ ಮೇಲೆ 25 ಮಿ.ಮೀ. ಪ್ಯಾನೆಲ್ ಬಂದಾಗ ಹಳೆಯ ಬಾಕ್ಸು ಅಷ್ಟೇ ಒಳಗೆ ಉಳಿಯುತ್ತದೆ. ಉದ್ದನೆ ಸ್ಕ್ರೂ ಹಾಕಿ ಪ್ಲೇಟನ್ನು ಮೇಲಕ್ಕೆ ತಂದು ಬಿಗಿದುಬಿಡುತ್ತಾರೆ. ಆಗ ಸಡಿಲ ಟರ್ಮಿನಲ್ಲಿನ ಕಿಡಿ ಹಾರುವುದು ನೇರವಾಗಿ ಪ್ಯಾನೆಲ್ಲಿನ ಕತ್ತರಿಸಿದ ಅಂಚಿಗೆ. ಬಾಕ್ಸು ಪ್ಯಾನೆಲ್ ಮೈಗೆ ಸಮವಾಗುವಂತೆ ಎಕ್ಸ್‌ಟೆನ್ಷನ್ ಹಾಕಬೇಕು. ತಂತಿ ಪ್ಯಾನೆಲ್ಲಿನ ಹಿಂದೆ ಬರಿಮೈಯಲ್ಲಿ ಓಡಬಾರದು, ಪೈಪಿನೊಳಗೆ ಹೋಗಲಿ; ಎಫ್‌ಆರ್‌ಎಲ್‌ಎಸ್ ತಂತಿ ಕಡಿಮೆ ಹೊಗೆಯದು, ಹ್ಯಾಲೊಜನ್ ಇಲ್ಲದ್ದು ಇನ್ನೂ ಒಳ್ಳೆಯದು. ಎಲ್‌ಇಡಿ ಸ್ಟ್ರಿಪ್ಪಿನ ಡ್ರೈವರ್ ಬಿಸಿಯಾಗುವ ಸಾಮಾನು: 60 ವ್ಯಾಟಿನ ಸ್ಟ್ರಿಪ್ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, ಅದಕ್ಕೆ ದಾರದಂಥ ತಂತಿ ಹಾಕಿ ಪ್ಯಾನೆಲ್ ಹಿಂದೆ ತುರುಕುವುದು ಬೇಡ.

ಸ್ಯಾಂಪಲ್ ತುಂಡು ಸುಟ್ಟು ನೋಡುವುದಾದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡು. ಒಂದಿಂಚು ಅಗಲ, ಆರಿಂಚು ಉದ್ದದ ಪಟ್ಟಿಯನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಕೆಳಗಿನ ಅಂಚಿಗೆ 15 ಸೆಕೆಂಡು ಲೈಟರ್ ಕೊಡಿ. ಉರಿಯುತ್ತ ತೊಟ್ಟಿಕ್ಕಿದರೆ, ಲೈಟರ್ ತೆಗೆದ ಮೇಲೂ ಮೇಲಕ್ಕೇರಿದರೆ ಆ ಮಾಲು ವಾಪಸ್. ಆರಿದರೆ ಪಾಸು ಎಂದು ಮಾತ್ರ ತಿಳಿಯಬೇಡಿ. ಇದು ತಿರಸ್ಕರಿಸಲು ಮಾತ್ರ ಆಗುವ ಪರೀಕ್ಷೆ. ಪಿವಿಸಿ ಇದರಲ್ಲಿ ಯಾವಾಗಲೂ ಗೆಲ್ಲುತ್ತದೆ.

ಕಾಗದದ ವಿಷಯದಲ್ಲಿ: ವರದಿಯಲ್ಲಿ ಮಾನದಂಡದ ಹೆಸರು, ನಿಮಗೆ ಕೊಡುವ ಅದೇ ಉತ್ಪನ್ನದ ಹೆಸರು, ಅದೇ ದಪ್ಪ, ಕೂರಿಸಿದ ಬಗೆ, ದಿನಾಂಕ, ಪ್ರಯೋಗಾಲಯದ ಹೆಸರಿರಬೇಕು. ಆ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದ್ದರೆ ಸಾಲದು, ಆ ಪರೀಕ್ಷೆಗೇ ಇರಬೇಕು. ಐಎಸ್‌ಐ ಮುದ್ರೆಯಿದ್ದರೆ ಮೇಲೆ ಐಎಸ್ ಸಂಖ್ಯೆ, ಕೆಳಗೆ ಸಿಎಂ/ಎಲ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದು, ಯಾವ ಉತ್ಪನ್ನಕ್ಕೆ, ಚಾಲ್ತಿಯಲ್ಲಿದೆಯೇ ಎಂದು ನಿಂತಲ್ಲೇ ಗೊತ್ತಾಗುತ್ತದೆ. ಬಾಗಿಲಿನ '60 ನಿಮಿಷ', '120 ನಿಮಿಷ' ಸರ್ಟಿಫಿಕೇಟ್ ಬೇರೆಯದೇ ಸಂಗತಿ: ಉರಿಯನ್ನು ಆಚೆ ಬದಿಗೆ ಬಿಡದೆ ಎಷ್ಟು ಹೊತ್ತು ತಡೆಯಿತು ಎಂಬುದು. ಗೋಡೆ ಹೊದಿಕೆ ಹೊತ್ತಿಕೊಳ್ಳುವ ಬಗೆಗೆ ಅದು ಏನನ್ನೂ ಹೇಳದು. ಕೊಟೇಷನ್ನಿನಲ್ಲಿ 'ಫೈರ್‌ಪ್ರೂಫ್' ಎಂಬ ಪದ ಹೊಡೆದು ಹಾಕಿಸಿ, ಪ್ರತಿ ಸಾಮಾನಿನ ಮುಂದೆ ಮಾನದಂಡ ಮತ್ತು ಕ್ಲಾಸ್ ಬರೆಸಿ. ಬಿಲ್ಲಿನಲ್ಲೂ ಅದೇ ಸಾಲು ಬರಲಿ. ಪ್ರತಿ ಸಾಮಾನಿನ ಅಂಗೈಯಗಲದ ತುಂಡೊಂದಕ್ಕೆ ತಾರೀಕು ಬರೆದು ಎತ್ತಿಡಿ.

ದೇವರಕೋಣೆಯ ಎಂಡಿಎಫ್ ಜಾಲಿ ದೀಪದಿಂದ ದೂರದ ಬಾಗಿಲಿಗೆ ಇರಲಿ, ದೀಪದ ಹಿಂದೆ ಬೇಡ. ನಂದಾದೀಪದ ನೆತ್ತಿಯ ಗಾಳಿ ದಿನವಿಡೀ ಒಂದೇ ಜಾಗ ಒಣಗಿಸುತ್ತದೆ; ಎಣ್ಣೆ ಜಿಡ್ಡು, ಊದುಬತ್ತಿಯ ಮಸಿ ಸೇರಿದ ಒಣ ಎಂಡಿಎಫ್ ಹೊತ್ತಲು ಹೊಸದಕ್ಕಿಂತ ಕಡಿಮೆ ಶಾಖ ಸಾಕು. ದೀಪದ ಹಿಂದೆ ಮತ್ತು ಮೇಲೆ ಮೂರಡಿಯವರೆಗೆ ಗ್ರಾನೈಟ್ ಅಥವಾ ಟೈಲ್ಸ್ ಹಾಕಿಸಿ. ಮರದ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋದ ಊರು ಮೈಸೂರು. 1912ಕ್ಕೆ ಮುಗಿದ ಈಗಿನ ಅರಮನೆಯ ಕಲ್ಯಾಣ ಮಂಟಪದಲ್ಲಿ ಕಂಬಗಳು ಎರಕದ ಕಬ್ಬಿಣದವು.

ಒಂದೇ ಮೆಟ್ಟಿಲಿನ ಸಮಸ್ಯೆಯನ್ನು ಯಾವ ಪ್ಯಾನೆಲ್ಲೂ ಪರಿಹರಿಸದು. ಹೊರಗೋಡೆಗೆ ಕಬ್ಬಿಣದ ಎರಡನೇ ಮೆಟ್ಟಿಲು ಕೂರಿಸಲು ಜಾಗವಿದೆಯೇ ಎಂದು, ಇಂಟೀರಿಯರ್‌ನವರಿಗೆ ಅಡ್ವಾನ್ಸ್ ಕೊಡುವ ಮೊದಲೇ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ತೋರಿಸಿ. ಕಿಟಕಿಗಳಿಗೆ ಜಡಿದ ಕಂಬಿಗ್ರಿಲ್ ಇದ್ದರೆ ರಸ್ತೆ ಕಡೆಯ ಒಂದಕ್ಕಾದರೂ ಒಳಗಿನಿಂದ ತೆರೆಯುವ ಕೀಲು ಹಾಕಿಸಿ. ಲೂವರ್ ಇನ್ನೂ ಬಂದಿಲ್ಲವಾದರೆ ಆರ್ಡರ್ ಇವತ್ತೇ ನಿಲ್ಲಿಸಿ. ಎಸಿಪಿಯ ಅಂಚು ಮೇಣದಂತಿದ್ದರೆ ವಾಪಸ್ ಕಳಿಸಿ. ತೆಗೆದುಕೊಳ್ಳುವುದಿಲ್ಲ ಅಂದರೆ ಒಂದು ಶೀಟು ಕಾಂಪೌಂಡ್ ಗೇಟಿನ ಮೇಲೆ ಕ್ಲಾಸಿನ ಹೆಸರು ಬರೆಸಲು ಸಾಕು, ಉಳಿದ ಐದು ಸೈನ್‌ಬೋರ್ಡ್ ಮಾಡುವವರಿಗೆ ಮಾರಿಬಿಡಿ.